ದ್ರಾಕ್ಷಿಯ ಸಮುದ್ರಯಾನ

ಸಮುದ್ರವನ್ನು ದಾಟಿ ಬಂದವನಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಕಾಲವೊಂದು ನಮ್ಮ ದೇಶದಲ್ಲಿತ್ತು. ಈಗ ಮನುಷ್ಯರ ಮಾತು ಹಾಗಿರಲಿ, ನಮ್ಮ ಹೊಲದ ದ್ರಾಕ್ಷಿಗೊನೆಯೇ ಪ್ರತಿವರ್ಷ ಮಾಘ ಫಾಲ್ಗುಣಗಳಲ್ಲಿ ಹಡಗನ್ನೇರಿ ಹಾಲೆಂಡಿಗೂ ಇಂಗ್ಲೆಂಡಿಗೂ ಹೋಗುತ್ತದೆ. ಮನುಷ್ಯನಿಗಾದರೆ ಪಾಸ್‌ಪೋರ್ಟು, ಟಿಕೇಟು, ದಾರಿಖರ್ಚಿಗೆ ನಾಲ್ಕು ಕಾಸು ಇದ್ದರಾಯಿತು. ದ್ರಾಕ್ಷಿಗೆ ಇವೆಲ್ಲವೂ ಬೇಕು. ಅದರ ಮೇಲೆ ಚಳಿಯೂ ಬೇಕು. ಬಳ್ಳಿಯಿಂದ ಕತ್ತರಿಸಿದ ಗಳಿಗೆಯಿಂದ ಲಂಡನ್ನಿನ ಅಂಗಡಿಯ ಕಪಾಟನ್ನು ಸೇರುವವರೆಗೆ, ಹಗಲೂ ರಾತ್ರಿಯೂ, ನೆಲದ ಮೇಲೂ ನೀರಿನ ಮೇಲೂ, ಒಂದೇ ಹದವಾದ ಚಳಿ. ಆ ಚಳಿಯ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ರೈತನ ವರ್ಷದ ದುಡಿಮೆ ಅಲ್ಲಿಗೇ ಮುಗಿಯಿತು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಪಂಪ ರನ್ನರ ಬಗ್ಗೆ ಬರೆಯುವುದನ್ನು ಬಿಟ್ಟು ಇದೇನು ಹಣ್ಣಿನ ವ್ಯಾಪಾರದ ಪುರಾಣವೆಂದು ಹುಬ್ಬೇರಿಸುವ ವಾಚಕರು ಇಲ್ಲದಿಲ್ಲ. ಅವರಿಗೆ ನಮ್ಮ ಉತ್ತರವಿಷ್ಟೆ. ನಾವು ಕನ್ನಡಿಗರು ಹೊಟ್ಟೆಯ ಪಾಡಿಗಾಗಿ ಬಂದು ನೆಲೆಸಿರುವ ಈ ಮಗರಪಟ್ಟಾ, ಈ ಹಡಪಸರ ಇವೆಯಲ್ಲ, ಇವುಗಳ ಸುತ್ತ ಕೆಲವೇ ಮೈಲಿಗಳೊಳಗೆ ಈ ಕಥೆಯ ಮುಖ್ಯ ಪಾತ್ರಗಳೆಲ್ಲವೂ ಇವೆ. ಸೊಲ್ಲಾಪುರದ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಹಡಪಸರದ ಔದ್ಯೋಗಿಕ ವಸಾಹತಿನಲ್ಲಿ ಶೈತ್ಯಯಂತ್ರಗಳನ್ನು ಮಾಡುವ ಕಾರ್ಖಾನೆಯಿದೆ. ಅದರ ಮೂಲಪುರುಷನು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ. ಇನ್ನು ನಮ್ಮ ಬಿಡಾರಗಳಲ್ಲಿ ವಿಜಯಪುರ, ಬಾಗಲಕೋಟೆ, ಅಥಣಿಗಳ ಕಡೆಯಿಂದ ಬಂದ ಕುಟುಂಬಗಳಿಗೆ ಕೊರತೆಯಿಲ್ಲ. ಅವರಲ್ಲಿ ಊರಿನಲ್ಲಿ ದ್ರಾಕ್ಷಿಯ ಪಡ ಇಲ್ಲದಿದ್ದರೆ ಬೀಗರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಆದುದರಿಂದ ಇದು ಪರರ ಕಥೆಯಲ್ಲ.

ಚಳಿಯನ್ನು ಹಡಗಿನಲ್ಲಿ ಸಾಗಿಸುವ ವಿದ್ಯೆ ನಮ್ಮ ದೇಶಕ್ಕೆ ಮೊದಲು ಬಂದದ್ದು ತಲೆಕೆಳಗಾಗಿ. ಅಂದರೆ ನಮ್ಮ ಪದಾರ್ಥ ಹೊರಗೆ ಹೋಗಲಿಲ್ಲ, ಹೊರಗಿನ ಚಳಿಯೇ ಇಲ್ಲಿಗೆ ಬಂದಿತು. ಅಮೆರಿಕದ ಬಾಸ್ಟನ್ನಿನಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನಿದ್ದನು. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಅದನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುಗಿದು, ಸೆಕೆಯ ದೇಶಗಳಿಗೆ ಮಾರಬೇಕೆಂಬುದು ಅವನ ಹುಚ್ಚು. ಊರವರೆಲ್ಲ ನಕ್ಕರು. 1833ರ ಮೇ ತಿಂಗಳಲ್ಲಿ ಟಸ್ಕನಿ ಎಂಬ ಹಡಗು 180 ಟನ್ ಮಂಜುಗಡ್ಡೆಯನ್ನು ಹೇರಿಕೊಂಡು ಹೊರಟು, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ಸೆಪ್ಟೆಂಬರಿನಲ್ಲಿ ಕಲಕತ್ತೆಯನ್ನು ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಕರಗದೆ ಉಳಿದಿತ್ತು! ಮದರಾಸಿನ ಕಡಲತಡಿಯಲ್ಲಿ ಈ ವ್ಯಾಪಾರಕ್ಕಾಗಿ 1842ರಲ್ಲಿ ಕಟ್ಟಿಸಿದ ಐಸ್ ಹೌಸು ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದೀಗ ಅವರ ಹೆಸರನ್ನು ಪಡೆದಿದೆ. ಮುಂಬಯಿಯಲ್ಲಿ ಜಮಶೇಟಜಿ ಜೀಜೀಭಾಯಿಯವರು ಈ ಮಂಜಿನಿಂದ ಐಸ್‌ಕ್ರೀಮು ಮಾಡಿಸಿ ಅತಿಥಿಗಳಿಗೆ ಬಡಿಸಿದರಂತೆ. ಮರುದಿನ ಯಜಮಾನರಿಗೂ ಅತಿಥಿಗಳಿಗೂ ನೆಗಡಿಯಾಯಿತೆಂದು ಪತ್ರಿಕೆಯಲ್ಲಿ ಬಂದಿತಂತೆ. ನೆಗಡಿ ಮಂಜಿನದೋ ಅಸೂಯೆಯದೋ ತಿಳಿಯದು.

ಆದರೆ ಮಂಜುಗಡ್ಡೆ ಕರಗುವ ಪದಾರ್ಥ. ಅದನ್ನು ನಂಬಿ ಮಾಂಸವನ್ನೋ ಹಣ್ಣನ್ನೋ ನೂರು ದಿನದ ಪಯಣಕ್ಕೆ ಕಳಿಸುವಂತಿರಲಿಲ್ಲ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬ ಪತ್ರಕರ್ತನು 1873ರಲ್ಲಿ ನಾರ್ಫೋಕ್ ಎಂಬ ಹಡಗಿನಲ್ಲಿ 20 ಟನ್ ಮಾಂಸವನ್ನು ಮಂಜಿನ ಆಧಾರದಿಂದ ಲಂಡನ್ನಿಗೆ ಕಳಿಸಿದನು. ಅರ್ಧದಾರಿಯಲ್ಲಿ ಅದೆಲ್ಲ ಕೆಟ್ಟು ಕಡಲಿಗೆ ಎಸೆಯಬೇಕಾಯಿತು, ಹ್ಯಾರಿಸನ್ ದಿವಾಳಿಯಾದನು. ಫ್ರಾನ್ಸಿನ ಶಾರ್ಲ್ ಟೆಲಿಯೆ 1876ರಲ್ಲಿ ತನ್ನ ಯಂತ್ರವನ್ನೇ ಹಡಗಿನೊಳಗೆ ಕೂಡ್ರಿಸಿ, ಮಾಂಸವನ್ನು ಅಟ್ಲಾಂಟಿಕ್ ದಾಟಿಸಿ ಬೋನಸ್ ಐರಿಸ್‌ಗೆ ಮುಟ್ಟಿಸಿದನು. ಕೀರ್ತಿ ಬಂದಿತು, ಹಣ ಬರಲಿಲ್ಲ. 1913ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಚಳಿಯ ವ್ಯಾಪಾರಕ್ಕೆ ಮೊದಲು ಇಳಿದವರೆಲ್ಲರ ಜಾತಕವೂ ಹೆಚ್ಚು ಕಡಿಮೆ ಹೀಗೆಯೇ.

ಇವೆಲ್ಲವುಗಳಲ್ಲಿ ನಮಗೆ ಬಲು ಮೆಚ್ಚುಗೆಯಾದದ್ದು ನ್ಯೂಜಿಲೆಂಡಿನ ಡನೀಡಿನ್ ಹಡಗಿನ ವೃತ್ತಾಂತ. ಅದು ಹಾಯಿಯ ಹಡಗು. ಗಾಳಿ ಬೀಸಿದರೆ ನಡೆಯಬೇಕು, ಇಲ್ಲವಾದರೆ ನಿಲ್ಲಬೇಕು. ಆದರೆ ಅದರ ಹೊಟ್ಟೆಯೊಳಗೆ ಮಾತ್ರ ಕಲ್ಲಿದ್ದಲು ತಿಂದು ಚಳಿಯನ್ನು ಉಗುಳುವ ಉಗಿಯಂತ್ರ. ಕುರಿಗಳನ್ನು ಕೊಯ್ದು ಹಡಗಿನಲ್ಲಿಯೇ ಹೆಪ್ಪುಗಟ್ಟಿಸುತ್ತಿದ್ದರು. ಹೇರುತ್ತಿರುವಾಗಲೇ ಯಂತ್ರದ ಅಚ್ಚು ಮುರಿದು, ಅಲ್ಲಿಯವರೆಗೆ ತುಂಬಿದ್ದ ಮಾಂಸವನ್ನೆಲ್ಲ ಇಳಿಸಿ ಊರಿನಲ್ಲಿಯೇ ಮಾರಬೇಕಾಯಿತು. ಅಷ್ಟಕ್ಕೂ ಧೈರ್ಯಗೆಡದೆ ಮತ್ತೆ ತುಂಬಿ, 1882ರ ಫೆಬ್ರುವರಿ 15ರಂದು ಸುಮಾರು ಐದು ಸಾವಿರ ಕುರಿಗಳೊಂದಿಗೆ ಲಂಗರು ಎತ್ತಿದರು. ಉಗಿಯಂತ್ರದ ಕಿಡಿಗಳು ಹಾರಿ ಹಾಯಿಗೇ ಬೆಂಕಿ ಹತ್ತಿತು. ಉಷ್ಣವಲಯಕ್ಕೆ ಬಂದಾಗ ತಂಪು ಗಾಳಿ ಎಲ್ಲ ಮೂಲೆಗಳಿಗೂ ಹರಿಯುತ್ತಿಲ್ಲವೆಂದು ಕಂಡು, ಕಪ್ತಾನ ವ್ಹಿಟ್ಸನ್ನನು ಗಾಳಿಯ ಕೊಳವೆಯೊಳಗೆ ತಾನೇ ತೆವಳಿಕೊಂಡು ಹೋಗಿ ಹೊಸ ಕಿಂಡಿಗಳನ್ನು ಕೊರೆದನು. ಚಳಿಗೆ ಕೈಕಾಲು ಮರಗಟ್ಟಿ ಪ್ರಜ್ಞೆ ತಪ್ಪಿತು. ಕಾಲಿಗೆ ಹಗ್ಗ ಬಿಗಿದು ಅವನನ್ನು ಹೊರಗೆ ಎಳೆದರಂತೆ. 98 ದಿನಗಳ ತರುವಾಯ ಲಂಡನ್ನಿನಲ್ಲಿ ಬಾಗಿಲು ತೆರೆದಾಗ ಕೆಟ್ಟಿದ್ದುದು ಒಂದೇ ಒಂದು ಕುರಿ! ಎಂಟು ವರ್ಷಗಳ ನಂತರ, 1890ರಲ್ಲಿ, ಅದೇ ಹಡಗು ಅದೇ ದಾರಿಯಲ್ಲಿ ಹೊರಟದ್ದು ಎಲ್ಲಿ ಮುಳುಗಿತೋ ಇಂದಿಗೂ ಪತ್ತೆಯಿಲ್ಲ. ಆದರೆ ಅಷ್ಟರಲ್ಲಿ ದೂರದ ದ್ವೀಪವೊಂದರ ಕುರುಬರ ಬಾಳು ಬದಲಾಗಿ ಹೋಗಿತ್ತು. ಅಲ್ಲಿಯವರೆಗೆ ಅವರು ಉಣ್ಣೆಯನ್ನು ಮಾರಿ ಮಾಂಸವನ್ನು ಬಿಸಾಡುತ್ತಿದ್ದರು.

ಇನ್ನೊಂದು ಸಂಗತಿಯನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದೇ ವರ್ಷದ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿಗಳ ಮಾಲೀಕನು ಐಡಿಯಲ್ ಎಕ್ಸ್ ಎಂಬ ಹಡಗಿನ ಮೇಲೆ 58 ಉಕ್ಕಿನ ಪೆಟ್ಟಿಗೆಗಳನ್ನಿಟ್ಟು ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದನು. ಇಂದು ನಾವು ಸೊಲ್ಲಾಪುರದ ರಸ್ತೆಯಲ್ಲಿ ಕಾಣುವ ಕಂಟೇನರು ಹುಟ್ಟಿದ್ದು ಅಂದು. ಮೊದಲು ಮೂಟೆ ಮೂಟೆಯಾಗಿ ಹಮಾಲರ ಬೆನ್ನ ಮೇಲೆ ಏರಿಳಿಯುತ್ತಿದ್ದ ಸರಕು ಈಗ ಪೆಟ್ಟಿಗೆಯೊಳಗೇ ಕುಳಿತು ಹೊಲದ ಬದುವಿನಿಂದ ಪರದೇಶದ ಗೋದಾಮಿನವರೆಗೆ ಹೋಗುವಂತಾಯಿತು. ಆ ಪೆಟ್ಟಿಗೆಯ ಒಂದು ಮುಖಕ್ಕೆ ಶೈತ್ಯಯಂತ್ರವನ್ನು ಜೋಡಿಸಿದರೆ ಅದೇ ರೀಫರ್ ಕಂಟೇನರು. ಲಾರಿಯ ಮೇಲೆ ಜನರೇಟರಿನಿಂದ, ಬಂದರದಲ್ಲಿಯೂ ಹಡಗಿನಲ್ಲಿಯೂ ಗೋಡೆಯ ವಿದ್ಯುತ್ತಿನಿಂದ ಅದು ನಡೆಯುತ್ತದೆ. ತಂಪುಗಾಳಿಯು ನೆಲದ ಕಾಲುವೆಗಳಲ್ಲಿ ಹರಿದು, ಹಣ್ಣಿನ ಪೆಟ್ಟಿಗೆಗಳ ನಡುವೆ ಮೇಲೇರಿ, ಛಾವಣಿಯ ಕೆಳಗಿನಿಂದ ಮತ್ತೆ ಯಂತ್ರಕ್ಕೆ ಮರಳುತ್ತದೆ. ಹೆಪ್ಪುಗಟ್ಟಿದ ಸೀಗಡಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಬಾಳೆಹಣ್ಣಿಗೆ 13 ಡಿಗ್ರಿ, ದ್ರಾಕ್ಷಿಗೆ ಸೊನ್ನೆಯ ಆಸುಪಾಸು. ಒಂದೊಂದು ಪದಾರ್ಥಕ್ಕೆ ಒಂದೊಂದು ಪಥ್ಯ.

ಈ ವಿದ್ಯೆಯಿಂದ ಮೊದಲು ಲಾಭ ಪಡೆದ ಕನ್ನಡಿಗರು ಕರಾವಳಿಯವರು. ಅಲ್ಲಿ ಹಿಂದಿನಿಂದಲೂ ಮೀನನ್ನು ಉಪ್ಪು ಹಾಕಿ ಒಣಗಿಸಿ ಸಿಂಹಳಕ್ಕೆ ಕಳಿಸುವ ಪದ್ಧತಿಯಿತ್ತು. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸೀಗಡಿ ಅಮೆರಿಕಕ್ಕೆ ಹೋದ ಮೇಲೆ ಪಶ್ಚಿಮ ಕರಾವಳಿಯ ಕಣ್ಣು ತೆರೆಯಿತು. ಅದೇ ವರ್ಷ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು ಅರವತ್ತರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂದಿತು. ಎಪ್ಪತ್ತರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು, ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಹಿಂದಾಯಿತು. 1974ರಲ್ಲಿ ನವಮಂಗಳೂರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. 1997ರ ಆಗಸ್ಟಿನಲ್ಲಿ ಯುರೋಪಿನ ಒಕ್ಕೂಟವು ಶುಚಿತ್ವ ಸಾಲದೆಂದು ಭಾರತದ ಮೀನನ್ನೆಲ್ಲ ಒಮ್ಮೆಗೇ ನಿಷೇಧಿಸಿ, ವರ್ಷದ ಕೊನೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾರ್ಖಾನೆಗಳಿಗೆ ಮಾತ್ರ ಬಾಗಿಲು ತೆರೆದದ್ದೂ ಉಂಟು. ಮಂಗಳೂರು ಮಲ್ಪೆಗಳ ಕಡೆಯ ಬಂಧುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ನಾವು ಬಯಲುಸೀಮೆಯವರು, ದ್ರಾಕ್ಷಿಗೇ ಮರಳುವೆವು.

ದ್ರಾಕ್ಷಿ ದಖ್ಖನಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಇಬ್ನ್ ಬತೂತನು ಅಲ್ಲಿ ದ್ರಾಕ್ಷಿಯೂ ದಾಳಿಂಬವೂ ವರ್ಷಕ್ಕೆರಡು ಸಲ ಬಿಡುತ್ತವೆಂದು ಬರೆದಿದ್ದಾನೆ. ಆದರೆ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯು ವ್ಯಾಪಾರದ ಬೆಳೆಯಾಗಿ ನಾಶಿಕ, ಸಾಂಗಲಿ, ಸೊಲ್ಲಾಪುರ, ವಿಜಯಪುರಗಳ ಮಡ್ಡಿಯನ್ನು ಏರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದನ್ನು ಪಳಗಿಸಿದವರು ಪಂಡಿತರಿಗಿಂತ ಹೆಚ್ಚಾಗಿ ರೈತರೇ. ತಾಸಗಾಂವದ ಕಡೆಯ ವಸಂತರಾವ ಆರ್ವೆಯವರು ತಮ್ಮ ತೋಟದ ಬಳ್ಳಿಗಳಲ್ಲಿ ಕಣ್ಣಿಟ್ಟು ಆರಿಸಿದ ತಳಿಯೇ ತಾಸ್-ಎ-ಗಣೇಶ. ಸೊಲ್ಲಾಪುರದ ಹತ್ತಿರ ನಾನ್ನಜದ ನಾನಾಸಾಹೇಬ ಕಾಳೆಯವರು ಕೊಟ್ಟದ್ದು ಸೋನಾಕಾ. ವಿಜಯಪುರದ ತಿಕೋಟಾ ಸೀಮೆಯಲ್ಲಿ ಈ ಹೆಸರುಗಳು ದೇವರ ಹೆಸರಿನಂತೆ ಬಾಯಿಪಾಠ.

ಬಾವಿ ತೋಡಿಸಿ, ಸಾಲ ತಂದು, ಕಲ್ಲುಕಂಬ ತಂತಿಗಳ ಚಪ್ಪರ ಹಾಕಿಸಿ, ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ ಚಾಟಣಿ ಮಾಡಿಸಿ ಬೆಳೆದ ಹಣ್ಣು ಫೆಬ್ರುವರಿಗೆ ಒಮ್ಮೆಲೇ ಪೇಟೆಗೆ ಬಂದರೆ ದರ ಕುಸಿಯುವುದೇನು ಆಶ್ಚರ್ಯ? ಅದೇ ಸಮಯಕ್ಕೆ ಯುರೋಪಿನಲ್ಲಿ ದಕ್ಷಿಣ ಆಫ್ರಿಕದ ದ್ರಾಕ್ಷಿ ಮುಗಿಯುತ್ತ ಬಂದಿರುತ್ತದೆ, ಈಜಿಪ್ತಿನದು ಇನ್ನೂ ಬಂದಿರುವುದಿಲ್ಲ. ನಡುವಿನ ಆ ಕಿರುಗಿಂಡಿಯೇ ನಮ್ಮವರ ಹೆಬ್ಬಾಗಿಲು. ಅದನ್ನು ಹಿಡಿಯಲೆಂದು 1991ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘಗಳು ಸೇರಿ, ಮಹಾರಾಷ್ಟ್ರದ ಕೃಷಿ ಮಾರಾಟ ಮಂಡಳಿಯ ನೆರವಿನಿಂದ, ಈ ಪುಣೆಯಲ್ಲಿ ಮಹಾಗ್ರೇಪ್ಸ್ ಎಂಬ ಸಂಸ್ಥೆಯನ್ನು ಕಟ್ಟಿದವು. ಅದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಮುಂಬಯಿಯ ಎದುರುದಡದಲ್ಲಿ ನ್ಹಾವಾ ಶೇವಾ ಬಂದರು ಕೆಲಸಕ್ಕೆ ತೊಡಗಿತ್ತು. ಪೆಟ್ಟಿಗೆ ಸಿದ್ಧ, ಬಂದರು ಸಿದ್ಧ, ಹಣ್ಣೂ ಸಿದ್ಧ. ಆದರೂ ಮೊದಲ ವರ್ಷಗಳಲ್ಲಿ ಕಳಿಸಿದ ಸರಕು ಅಲ್ಲಿ ತಿರಸ್ಕಾರವಾಗುತ್ತಿತ್ತು. ಕಾರಣವೇನು?

ಕಾರಣ ಬಹಳ ಸಣ್ಣದು, ಮತ್ತು ತಿಳಿದುಕೊಳ್ಳಬೇಕಾದದ್ದು. ರೀಫರ್ ಪೆಟ್ಟಿಗೆಯು ತಂಪಾದದ್ದನ್ನು ತಂಪಾಗಿಡುತ್ತದೆಯೇ ಹೊರತು ಬೆಚ್ಚಗಿದ್ದುದನ್ನು ತಂಪು ಮಾಡುವ ಶಕ್ತಿ ಅದಕ್ಕಿಲ್ಲ. ಮನೆಯ ಫ್ರಿಜ್ಜಿನಲ್ಲಿ ಬಿಸಿ ಸಾರಿನ ಪಾತ್ರೆಯನ್ನಿಡಬಾರದೆಂದು ನಮ್ಮ ತಾಯಂದಿರು ಹೇಳುವುದೂ ಇದನ್ನೇ. ಕಿತ್ತ ದ್ರಾಕ್ಷಿ ಸತ್ತ ವಸ್ತುವಲ್ಲ. ಅದು ಉಸಿರಾಡುತ್ತದೆ, ಉಸಿರಾಡುತ್ತ ಶಾಖವನ್ನು ಬಿಡುತ್ತದೆ. ಆದುದರಿಂದ ಬೆಳಗಿನ ತಂಪುಹೊತ್ತಿನಲ್ಲಿ ಗೊನೆ ಕತ್ತರಿಸಿ, ಕೂಡಲೇ ಪ್ಯಾಕ್‌ಹೌಸಿಗೆ ಒಯ್ದು, ಕೆಟ್ಟ ಹಣ್ಣನ್ನು ಕತ್ತರಿಯಿಂದ ತೆಗೆದು, ಪೂರ್ವಶೀತಲ ಕೊಠಡಿಯಲ್ಲಿ ಬಲವಾಗಿ ತಣ್ಣಗಾಳಿ ಹಾಯಿಸಿ, ಆರೆಂಟು ತಾಸುಗಳಲ್ಲಿ ಹಣ್ಣಿನ ಒಡಲಿನ ಉಷ್ಣತೆಯನ್ನು 4 ಡಿಗ್ರಿಗೆ ಇಳಿಸಬೇಕು. ಬಳಿಕ ಸೊನ್ನೆ ಡಿಗ್ರಿಯ ಕೋಣೆ. ಬಳಿಕ ಪೆಟ್ಟಿಗೆ. ಸಕ್ಕರೆಯ ಅಂಶವಿರುವುದರಿಂದ ದ್ರಾಕ್ಷಿ ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಆದರೆ ಬೂದುಬಣ್ಣದ ಬೂಷ್ಟು ಆ ಚಳಿಗೂ ಜಗ್ಗದೆ ಬೆಳೆಯುತ್ತದೆ. ಅದನ್ನು ತಡೆಯಲು ಒಂದೊಂದು ಪೆಟ್ಟಿಗೆಯಲ್ಲಿಯೂ ಗಂಧಕದ ಲವಣ ಸವರಿದ ಕಾಗದವನ್ನಿಡುತ್ತಾರೆ; ತೇವ ತಗುಲಿದಂತೆಲ್ಲ ಅದು ಸ್ವಲ್ಪ ಸ್ವಲ್ಪವಾಗಿ ಗಂಧಕದ ಹೊಗೆಯನ್ನು ಬಿಡುತ್ತದೆ. ಹೆಚ್ಚಾದರೆ ಹಣ್ಣು ಬಿಳಿಚುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಅಲ್ಲಿಯ ಗಿರಾಕಿ ಮೊದಲು ನೋಡುವುದು ಹಣ್ಣನ್ನೂ ಅಲ್ಲ, ಗೊನೆಯ ದೇಟನ್ನು. ದೇಟು ಹಸಿರಾಗಿದ್ದರೆ ತಾಜಾ, ಕಂದಾಗಿದ್ದರೆ ಹಳತು. ಎಲ್ಲಿಯ ಮಡ್ಡಿ, ಎಲ್ಲಿಯ ರಾಟರ್‌ಡ್ಯಾಮು! ತಿಕೋಟಾದ ಬಿಸಿಲಿನಲ್ಲಿ ಹೆಣ್ಣುಮಗಳೊಬ್ಬಳು ಗೊನೆ ಕತ್ತರಿಸಿ ಎರಡು ತಾಸು ಬದುವಿನ ಮೇಲೆ ಬಿಟ್ಟದ್ದು ಮೂರು ವಾರದ ಮೇಲೆ ಡಚ್ಚರ ಗೋದಾಮಿನಲ್ಲಿ ದೇಟಿನ ಬಣ್ಣವಾಗಿ ಬಯಲಿಗೆ ಬೀಳುತ್ತದೆ.

ಈ ಪೂರ್ವಶೀತಲ ಕೊಠಡಿಗಳ ಮಾತು ಬಂದುದರಿಂದ ನಮ್ಮ ನೆರೆಯ ಕಾರ್ಖಾನೆಯನ್ನು ನೆನೆಯಬೇಕು. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದರು. ಊರ ಬಡಾವಣೆಗೆಂದು ಅವರ ಜಾಗ ಹೋದಾಗ, ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರಿನಲ್ಲಿ, ಅಂದರೆ ಅವರು ಹುಟ್ಟಿದ ಊರು ಏಕೀಕೃತ ರಾಜ್ಯಕ್ಕೆ ಸೇರುವುದಕ್ಕೆ ಒಂದು ತಿಂಗಳ ಮೇಲೆ ಕೆಲವು ದಿನ ಮುಂಚೆ. 1958ರಲ್ಲಿ ಅವರ ಮನೆತನದ ಉದ್ಯಮವಾಗಿ ಕಿರ್ಲೋಸ್ಕರ ನ್ಯೂಮ್ಯಾಟಿಕ್ ಕಂಪನಿಯು ಸ್ಥಾಪನೆಯಾಯಿತು. ಹಡಪಸರದ ಅದರ ಕಾರ್ಖಾನೆಯಲ್ಲಿ ತಯಾರಾಗುವ ಅಮೋನಿಯ ಕಂಪ್ರೆಸರುಗಳು ದೇಶದ ಶೀತಲಗೃಹಗಳಲ್ಲಿ ದುಡಿಯುತ್ತಿವೆ. ಕನ್ನಡಿಗನೋ ಮರಾಠಿಗನೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಎರಡು ಭಾಷೆಗಳ ಗಡಿಯಲ್ಲಿ ಹುಟ್ಟಿದವರು ಎರಡೂ ಕಡೆಗೆ ಉಪಯೋಗಕ್ಕೆ ಬರುವುದುಂಟು.

ಚಳಿಯ ತೊಡಕು ಬಗೆಹರಿದ ಮೇಲೆ ಔಷಧಿಯ ತೊಡಕು ಎದ್ದಿತು. 2003ರಲ್ಲಿ ನೆದರ್ಲೆಂಡ್ಸಿನಲ್ಲಿ ನಮ್ಮ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಮಿತಿಮೀರಿ ಕಂಡುಬಂದಿತು. ಅಂದಿನಿಂದ ಕೃಷಿ ರಫ್ತಿನ ಪ್ರಾಧಿಕಾರವಾದ ಅಪೇಡಾ ಸಂಸ್ಥೆಯು ತೋಟ ತೋಟಕ್ಕೂ ನೋಂದಣಿ, ಹಣ್ಣಿನ ಮಾದರಿಯ ಪರೀಕ್ಷೆ ಎಂಬ ಕಟ್ಟಳೆಯನ್ನು ತಂದಿತು. ಈ ಪರೀಕ್ಷೆಗಳಿಗೆಲ್ಲ ರಾಷ್ಟ್ರೀಯ ಪ್ರಮಾಣಶಾಲೆ ಎಂದರೆ 1997ರಲ್ಲಿ ಆರಂಭವಾದ ನಮ್ಮ ಮಾಂಜರಿಯ ಕೇಂದ್ರದ್ದು. ಯಾವ ಪೆಟ್ಟಿಗೆ ಯಾವ ರೈತನ ಯಾವ ತೋಟದ್ದೆಂದು ಈಗ ಪರದೇಶದಲ್ಲಿ ಕುಳಿತವನೂ ಹೇಳಬಲ್ಲ. ಇಷ್ಟಾದರೂ 2010ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಚಾಟಣಿಯ ಕಾಲದಲ್ಲಿ ಬಳ್ಳಿಯ ಬೆಳವಣಿಗೆಯನ್ನು ಹಿಡಿದಿಡಲು ರೈತರು ಬಹುಕಾಲದಿಂದ ಬಳಸುತ್ತಿದ್ದ ಕ್ಲೋರ್‌ಮೆಕ್ವಾಟ್ ಕ್ಲೋರೈಡಿನ ಶೇಷವು ಯುರೋಪಿನ ಪರೀಕ್ಷೆಯಲ್ಲಿ ಸಿಕ್ಕಿತು. ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ! ನೂರಾರು ಪೆಟ್ಟಿಗೆಗಳು ಪರದೇಶದ ಬಂದರಗಳಲ್ಲಿ ತಡೆದು ನಿಂತವು. ಇಲ್ಲಿ ಸರಿಯೆಂದು ಮುದ್ರೆ ಬಿದ್ದ ಹಣ್ಣು ಅಲ್ಲಿ ತಪ್ಪೆಂದಾಯಿತು. ಮುದ್ರೆ ಹಾಕಿದವರಿಗೆ ಸಂಬಳ ನಿಲ್ಲಲಿಲ್ಲ, ಬೆಳೆದವನಿಗೆ ಬಟವಡೆ ನಿಂತಿತು.

ವೃತ್ತಿಯಿಂದ ಬ್ಯಾಂಕಿನ ಗುಮಾಸ್ತರಾದ ನಮಗೆ ಈ ವ್ಯವಹಾರದ ಹಣ್ಣು ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಹಡಗಿನ ಹೇರುಪತ್ರ, ಸಸ್ಯಾರೋಗ್ಯದ ಪ್ರಮಾಣಪತ್ರ, ಅಗ್‌ಮಾರ್ಕಿನ ಪತ್ರ, ಶೇಷಪರೀಕ್ಷೆಯ ವರದಿ, ಇನ್‌ವಾಯ್ಸು. ಬ್ಯಾಂಕುಗಳು ವ್ಯವಹರಿಸುವುದು ದಸ್ತೈವಜುಗಳೊಡನೆಯೇ ಹೊರತು ಸರಕಿನೊಡನೆ ಅಲ್ಲವೆಂಬುದು ಅಂತರರಾಷ್ಟ್ರೀಯ ಸಾಖಪತ್ರಗಳ ಮೂಲಸೂತ್ರ. ಕಾಗದವು ಸ್ವಚ್ಛವಾಗಿದ್ದರೆ ಹಣ್ಣು ಕೊಳೆತಿದ್ದರೂ ಬ್ಯಾಂಕು ಹಣ ಕೊಡಬೇಕು. ಹಣ್ಣು ಅಮೃತದಂತಿದ್ದರೂ ಕಾಗದದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಕೊಡಬೇಕಾಗಿಲ್ಲ. ಆದರೆ ದ್ರಾಕ್ಷಿಯ ವ್ಯಾಪಾರದಲ್ಲಿ ಸಾಖಪತ್ರದ ಭಾಗ್ಯವೂ ಬಹುಮಂದಿಗೆ ಇಲ್ಲ. ಸರಕು ಮೊದಲು ಹೋಗುತ್ತದೆ. ಅಲ್ಲಿ ಪೆಟ್ಟಿಗೆ ತೆರೆದು, ದೇಟು ನೋಡಿ, ಮಾರಿದ ಮೇಲೆ ದರ ತಿಳಿಯುತ್ತದೆ. ಕೆಲವರು ಕನಿಷ್ಠ ದರವನ್ನಾದರೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮ ಹಳೆಯ ಅಡತಿ ಅಂಗಡಿಯ ಪದ್ಧತಿಯೇ ಇದು. ಅಡತಿಯವನು ಏಳು ಸಮುದ್ರದಾಚೆ ಕುಳಿತಿದ್ದಾನೆ, ಅಷ್ಟೇ ವ್ಯತ್ಯಾಸ. 1967ರಿಂದ ರಿಸರ್ವ್ ಬ್ಯಾಂಕಿನ ರಫ್ತು ಸಾಲದ ಯೋಜನೆಯಿದೆ. ರಫ್ತುದಾರನಿಗೆ ಸರಕು ಹೇರುವುದಕ್ಕೆ ಮೊದಲೇ ಮುಂಗಡ ಸಿಗುತ್ತದೆ. ಪರದೇಶದ ಗಿರಾಕಿ ಕೈಕೊಟ್ಟರೆ ಆಸರೆಯಾಗಲೆಂದು ಸರಕಾರವು 1957ರಲ್ಲಿಯೇ ರಫ್ತಿನ ವಿಮಾ ನಿಗಮವನ್ನು ಸ್ಥಾಪಿಸಿತು. ಇವೆಲ್ಲ ರಫ್ತುದಾರನ ಬಾಗಿಲವರೆಗೆ ಬಂದ ಅನುಕೂಲಗಳು. ಅಲ್ಲಿಂದ ತೋಟದ ಬದುವಿನವರೆಗೆ ಎಷ್ಟು ಹರಿದು ಹೋಗುತ್ತವೆಂಬುದು ಬೇರೆ ಮಾತು.

ಒಂದು ಕಲಮನ್ನು ಮಾತ್ರ ಎಲ್ಲರೂ ತಿಳಿದಿರುವುದು ಒಳ್ಳೆಯದು. ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ವಿಳಂಬದಿಂದಾದ ನಷ್ಟಕ್ಕೆ ವಿಮಾದಾರನು ಹೊಣೆಯಲ್ಲ. ಆ ವಿಳಂಬವು ವಿಮೆಗೆ ಒಳಪಟ್ಟ ಅಪಾಯದಿಂದಲೇ ಆಗಿದ್ದರೂ ಅಷ್ಟೆ! ಇಂಗ್ಲೆಂಡಿನ 1906ರ ಕಾಯಿದೆಯಿಂದ ಎತ್ತಿಕೊಂಡ ಮಾತಿದು. ಕಬ್ಬಿಣಕ್ಕೂ ಹತ್ತಿಗೂ ಇದರಿಂದ ಬಾಧೆಯಿಲ್ಲ. ಹತ್ತು ದಿನ ತಡವಾಗಿ ಮುಟ್ಟಿದ ಕಬ್ಬಿಣ ಕಬ್ಬಿಣವೇ. ದ್ರಾಕ್ಷಿಗೆ ಹತ್ತು ದಿನವೆಂದರೆ ಮುಪ್ಪು.

ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ ದೈತ್ಯ ಹಡಗು ಸುಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಬಿದ್ದು ಆರು ದಿನ ದಾರಿ ಮುಚ್ಚಿತು. ಅದು ನಮ್ಮ ದ್ರಾಕ್ಷಿಯ ಭರಾಟೆಯ ಕಾಲ. ಅದಕ್ಕಿಂತ ಹೆಚ್ಚಿನದು 2023ರ ಕೊನೆಯಲ್ಲಿ ಬಂದಿತು. ಯೆಮೆನಿನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ತೊಡಗಿದರು. ಕಂಪನಿಗಳು ಸುಯೆಜಿನ ದಾರಿ ಬಿಟ್ಟು, ವಾಸ್ಕೋ ಡ ಗಾಮಾ ಬಂದ ದಾರಿಯಲ್ಲಿ, ಅಂದರೆ ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತಿ ಹಡಗುಗಳನ್ನು ಕಳಿಸಿದವು. 2024ರ ಹಂಗಾಮಿನಲ್ಲಿ ಮೂರು ಮೂರೂವರೆ ವಾರದ ಪ್ರಯಾಣಕ್ಕೆ ಇನ್ನೂ ಎರಡು ವಾರ ಕೂಡಿತು. ಬಾಡಿಗೆ ಏರಿತು, ಪೆಟ್ಟಿಗೆಗಳು ಬೇಗ ಮರಳದೆ ಅವುಗಳಿಗೂ ಬರ ಬಂದಿತು. ರೈತನು ಮುಂಜಾನೆ ಕತ್ತರಿಸಿದ ಹಣ್ಣು, ತಣ್ಣಗಾಗಿ, ಗಂಧಕದ ಕಾಗದ ಹೊದ್ದು, ಶೇಷಪರೀಕ್ಷೆಯಲ್ಲಿ ಗೆದ್ದು, ಯಾರ ತಪ್ಪೂ ಇಲ್ಲದೆ ಕಡಲ ಮೇಲೆ ಮುದಿಯಾಗುತ್ತ ಹೋಯಿತು. 1967ರಿಂದ 1975ರವರೆಗೆ ಯುದ್ಧದಿಂದಾಗಿ ಇದೇ ಕಾಲುವೆ ಎಂಟು ವರ್ಷ ಮುಚ್ಚಿತ್ತು. ಆಗ ನಮ್ಮಲ್ಲಿ ಕಳಿಸಲು ರೀಫರ್ ದ್ರಾಕ್ಷಿ ಇರಲಿಲ್ಲ, ಕಳೆದುಕೊಳ್ಳಲೂ ಇರಲಿಲ್ಲ.

ಮಗರಪಟ್ಟಾದ ನೆಲದ ವಿಷಯವನ್ನೂ ಇಲ್ಲಿ ಒಂದು ಮಾತು ಹೇಳಬೇಕು. ಇಂದು ಗಾಜಿನ ಮಹಡಿಗಳು ನಿಂತಿರುವ ಈ ಸುಮಾರು 400 ಎಕರೆ ಕಬ್ಬು ಬೆಳೆಯುತ್ತಿದ್ದ ಹೊಲವಾಗಿತ್ತು. ಸುಮಾರು 120 ರೈತ ಕುಟುಂಬಗಳು ಭೂಮಿಯನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ತಾವೇ ಕಂಪನಿಯ ಪಾಲುದಾರರಾಗಿ, 2000ದ ಸುಮಾರಿಗೆ ಊರು ಕಟ್ಟಲು ತೊಡಗಿದರು. ಬೆಳೆದ ಕಬ್ಬಿಗಿಂತ ಬಾಡಿಗೆಯ ಬೆಳೆಯೇ ಭದ್ರವೆಂದು ಅವರು ಲೆಕ್ಕ ಹಾಕಿದ್ದರೆ, ಲೆಕ್ಕ ಬರೆಯುವ ನಾವು ತಪ್ಪೆನ್ನಲಾರೆವು. ಗುಂಪುಗೂಡಿದ್ದರಿಂದ ಅವರಿಗೆ ಚೌಕಾಸಿಯ ಬಲ ಬಂದಿತು. ಮಹಾಗ್ರೇಪ್ಸಿನ ಹಿಂದಿದ್ದುದೂ ಅದೇ ಯೋಚನೆ. ವಿಜಯಪುರದ ಕಡೆ ಇದು ಇನ್ನೂ ಸಾಕಷ್ಟು ಬೇರೂರಿಲ್ಲವೆಂದೇ ನಮ್ಮ ಅಭಿಪ್ರಾಯ.

ಏಕೆಂದರೆ ದ್ರಾಕ್ಷಿ ಬೆಳೆಯುವುದರಲ್ಲಿ ಮಹಾರಾಷ್ಟ್ರದ ನಂತರ ಕರ್ನಾಟಕವೇ ಆದರೂ, ಸಮುದ್ರ ದಾಟುವ ಹಣ್ಣಿನಲ್ಲಿ ಸಿಂಹಪಾಲು ನಾಶಿಕದ್ದು. ಪೂರ್ವಶೀತಲ ಕೊಠಡಿಗಳೂ ಪ್ಯಾಕ್‌ಹೌಸುಗಳೂ ಅಲ್ಲಿ ದಟ್ಟವಾಗಿವೆ, ಬಂದರು ಸಮೀಪದಲ್ಲಿದೆ. ವಿಜಯಪುರದ ರೈತನಿಗೆ ಇನ್ನೊಂದೇ ದಾರಿ: ಹಣ್ಣನ್ನು ಒಣಗಿಸುವುದು. ಗೊನೆಗಳನ್ನು ಪೊಟ್ಯಾಷಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದ ಅಂತಸ್ತು ಅಂತಸ್ತಿನ ಬಲೆಗಳ ಮೇಲೆ ಹರಡಿದರೆ ಎರಡು ವಾರಗಳಲ್ಲಿ ಒಣದ್ರಾಕ್ಷಿ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಅದಕ್ಕೆ ಚಳಿಯೂ ಬೇಡ, ಕಪ್ತಾನನೂ ಬೇಡ. ಸುಯೆಜ್ ಮುಚ್ಚಿದರೂ ತೆರೆದರೂ ಒಂದೇ. ನಮ್ಮ ಅಜ್ಜಿಯರು ಸಂಡಿಗೆ ಒಣಗಿಸಿದ ವಿದ್ಯೆಯೇ ಇದು. ಆದರೆ ಆ ಒಣದ್ರಾಕ್ಷಿಯನ್ನೂ ಲಾರಿ ಹೇರಿ ಗಡಿಯಾಚೆಯ ತಾಸಗಾಂವ ಸಾಂಗಲಿಗಳ ಪೇಟೆಗೆ ಒಯ್ದು ಸವಾಲಿಗಿಡುತ್ತಾರೆ. ದರ ಬಿದ್ದರೆ, ಏರುವವರೆಗೆ ಬಣ್ಣ ಕೆಡದಂತೆ ಅಲ್ಲಿಯ ಶೀತಲಗೃಹಗಳಲ್ಲಿ ಬಾಡಿಗೆ ತೆತ್ತು ಇಡುತ್ತಾರೆ. ದೀಪಾವಳಿ ಹತ್ತಿರ ಬಂದಂತೆ ದರ ಒಂದಿಷ್ಟು ಚೇತರಿಸುತ್ತದೆ, ಮಾಲು ಹೊರಗೆ ಬರುತ್ತದೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಊರಿನ ಪಡಗಳಲ್ಲಿ ಅಕ್ಟೋಬರಿನ ಚಾಟಣಿ ಮುಗಿದು, ಹೊಸ ಚಿಗುರಿಗೆ ಮೊದಲ ಔಷಧಿ ಹೊಡೆಯುತ್ತಿರುತ್ತಾರೆ.